ಲೀನಾಳ ಎಡಗೈ

ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಇರುವವರನ್ನು ನಮ್ಮ ಕಡೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಅಂತಾರೆ. ಲೀನಾ ಅಂಥವಳು. ಜರ್ಮನಿಯ ಯೇನಾ ಊರಿನ ಟ್ರಾಮಿನಲ್ಲಿ ಸೀಟು ಖಾಲಿ ಬಿದ್ದಿದ್ದರೂ ನಿಂತೇ ಹೋಗುವಳು. ನಿಂತಮೇಲೂ ಹಿಮ್ಮಡಿ ಎತ್ತಿ ಇಳಿಸುತ್ತಲೇ ಇರುವಳು. ಊಟಕ್ಕೆ ಕೂತರೆ ಮೇಜಿನ ಕೆಳಗೆ ಮೊಣಕಾಲು ಗಡಗಡ. "ಕಾಲು ಅಲ್ಲಾಡಿಸಬೇಡ್ವೇ, ಮನೆಗೆ ದರಿದ್ರ" ಅಂತ ತಾಯಿ ಉಷಾ ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ದರಿದ್ರವೂ ಬರಲಿಲ್ಲ, ಕಾಲೂ ನಿಲ್ಲಲಿಲ್ಲ.

ಆ ಕಾಲುಗಳಿಗೆ ಒಂದು ಉದ್ಯೋಗ ಅಂತ ಸಿಕ್ಕಿದ್ದು ಓಟ. ನೂರು ಮೀಟರ್ ಓಟ. ಲೀನಾ ಹತ್ತು ವರ್ಷದ ಹುಡುಗಿಯಾಗಿದ್ದಾಗ ಗೋಟಿಂಗೆನ್‌ನ ಶಾಲೆಯಲ್ಲಿ ಶುರುವಾದದ್ದು, ಎರಡು ಸಾವಿರದ ಎರಡನೇ ಇಸವಿಗೆ ಬಂದರೂ ಮುಗಿದಿರಲಿಲ್ಲ. ಆಗ ಅವಳಿಗೆ ಮೂವತ್ತೆರಡು. ನೂರು ಮೀಟರಿನ ಹೆಂಗಸರ ಲೆಕ್ಕದಲ್ಲಿ ಅದು ಅಜ್ಜಿ ವಯಸ್ಸು. ಬೆಳಗ್ಗೆ ಹೊತ್ತು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಮುದುಕರ ಸೊಂಟ ಮಂಡಿ ನೀವುವ ಕೆಲಸ, ಮಧ್ಯಾಹ್ನದ ಮೇಲೆ ಮೈದಾನ. ಮಾಲ್ಮೋ, ಗ್ರಾಟ್ಸ್, ಬ್ರಾಟಿಸ್ಲಾವಾ ಅಂತ ಯುರೋಪಿನಲ್ಲಿ ಅವಳು ಓಡದ ಊರು ಕಡಿಮೆ. ಆದರೆ ಹೆಸರು ಕೇಳಿದವರೂ ಕಡಿಮೆ. ಫೈನಲ್ಲಿಗೆ ಬರುವಳು, ಐದನೆಯವಳೋ ಆರನೆಯವಳೋ ಆಗಿ ಮನೆಗೆ ಹೋಗುವಳು. ಪ್ರತಿ ಓಟಕ್ಕೂ ಅಂಥವರು ನಾಕು ಜನ ಬೇಕೇ ಬೇಕಲ್ಲ, ಇಲ್ಲದಿದ್ದರೆ ಗೆದ್ದವರು ಯಾರನ್ನು ಹಿಂದೆ ಹಾಕಬೇಕು?

ಅಪ್ಪ ಶ್ಯಾಮಸುಂದರ ನಂಜನಗೂಡಿನವರು, ಲೆನ್ಸಿನ ವಿಜ್ಞಾನಿ. ಅರವತ್ತರ ದಶಕದಲ್ಲಿ ಗೋಟಿಂಗೆನ್‌ಗೆ ಓದಲು ಬಂದವರು ಮದುವೆಯಾಗಿ ಉಷಾರನ್ನೂ ಕರೆಸಿಕೊಂಡು ಅಲ್ಲೇ ಉಳಿದರು. ಬರ್ಲಿನ್ ಗೋಡೆ ಬಿದ್ದ ಮರುವರ್ಷ ಯೇನಾದಲ್ಲಿ ಕೆಲಸ ಸಿಕ್ಕಿ ಇತ್ತ ಬಂದರು. ಲೆನ್ಸಿನ ಒಳಗೆ ನೋಡುವುದು ಬಿಟ್ಟು ಬೇರೇನನ್ನೂ ಅವರು ಗಮನ ಇಟ್ಟು ನೋಡಿದವರಲ್ಲ. ಮಗಳ ಓಟದ ಬಗ್ಗೆ ಉಷಾ ಮಾತ್ರ ಮಾತಾಡುವರು. "ಓಡ್ತಾ ಓಡ್ತಾ ಗಂಡುಗಳನ್ನೆಲ್ಲ ಹಿಂದೆ ಬಿಟ್ಟುಬಿಟ್ಲು, ಒಬ್ಬನೂ ಹಿಡಿಯಕ್ಕಾಗಲಿಲ್ಲ" ಅಂತ ಬೈಯುವರು. ಅದೇ ಬಾಯಲ್ಲಿ ಬಂದವರ ಮುಂದೆ, "ನಮ್ಮ ಲೀನಾ ಯುರೋಪಿನ ರಿಲೇ ಟೀಮಲ್ಲಿದಾಳೆ ಕಣ್ರೀ" ಅಂತ ಬೀಗುವರು.

ಟೀಮಿನಲ್ಲಿ ಇದ್ದದ್ದು ನಿಜ. ಎರ್ಜಾಟ್ಸ್ ಆಗಿ ಇದ್ದಳು. ಎರ್ಜಾಟ್ಸ್ ಅಂದರೆ ಬದಲಿ, ಯಾರಾದರೂ ಬಿದ್ದರೆ ಎದ್ದರೆ ಇರಲಿ ಅಂತ ಜೊತೆಗೆ ಕರೆದುಕೊಂಡು ಹೋಗುವ ಆಳು. ಹನ್ನೊಂದು ವರ್ಷ ಲೀನಾ ಯೇನಾದ ಓಟದ ಕ್ಲಬ್ಬೊಂದರ ಎರ್ಜಾಟ್ಸ್. ಯುರೋಪಿನ ಕ್ಲಬ್ಬುಗಳ ಕೂಟಕ್ಕೆ ಪ್ರತಿ ಸಲ ಹೋಗಿದ್ದಾಳೆ, ಒಂದು ಸಲವೂ ಫೈನಲ್ಲಿನಲ್ಲಿ ರಿಲೇ ಕೋಲು ಮುಟ್ಟಿಲ್ಲ. ಉಳಿದ ನಾಲ್ವರು ಓಡುವಾಗ ಅವರ ಟ್ರ್ಯಾಕ್ ಸೂಟುಗಳನ್ನು ತೋಳ ಮೇಲೆ ಹಾಕಿಕೊಂಡು ನಿಂತಿರುವಳು, ಮದುವೆಮನೆಯಲ್ಲಿ ಬೇರೆಯವರ ಮಕ್ಕಳನ್ನು ಎತ್ತಿಕೊಂಡು ನಿಂತವಳ ಹಾಗೆ. ಒಂದು ಸಲ, ಒಂದೇ ಸಲ ಆ ಫೈನಲ್ ಓಡಬೇಕು ಅನ್ನುವುದು ಬಿಟ್ಟು ಅವಳಿಗೆ ಈ ವಯಸ್ಸಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ. ಆ ಶರತ್ಕಾಲಕ್ಕೆ ಕ್ಲಬ್ಬು ಅವಳನ್ನು ಬಿಡುತ್ತದೆ ಅಂತಲೂ ಅವಳಿಗೆ ಗೊತ್ತಿತ್ತು.

ಯಾಕೆ ಓಡಿಸಲಿಲ್ಲ ಅಂದರೆ, ಕೈ. ರಿಲೇ ಓಟದಲ್ಲಿ ನಾಲ್ಕು ಜನ, ಒಂದು ಕೋಲು. ಮೊದಲನೆಯವಳು ಬಲಗೈಯಲ್ಲಿ ತಂದದ್ದನ್ನು ಎರಡನೆಯವಳು ಎಡಗೈಯಲ್ಲಿ ತಗೋಬೇಕು. ಅವಳು ಎಡಗೈಯಿಂದ ಕೊಟ್ಟದ್ದನ್ನು ಮೂರನೆಯವಳು ಬಲಗೈಯಲ್ಲಿ. ನಾಲ್ಕನೆಯವಳು ಮತ್ತೆ ಎಡಗೈಯಲ್ಲಿ. ತಗೊಳ್ಳುವವಳು ಹಿಂದೆ ತಿರುಗಿ ನೋಡುವ ಹಾಗಿಲ್ಲ. ಹಿಂದಿನಿಂದ "ಹೆಪ್!" ಅಂತ ಕೂಗು ಬಂತೋ, ಓಡುತ್ತಲೇ ಕೈ ಹಿಂದಕ್ಕೆ ಚಾಚಬೇಕು. ಲೀನಾಳ ಬಲಗೈ ಸರಿಯಾಗಿ ಹೋಗುವುದು. ಎಡಗೈ ಚಾಚಬೇಕಾದ ಕಡೆ ಮಾತ್ರ ಏನೋ ಆಗುವುದು. ಕೂಗು ಬಂದ ಕ್ಷಣ ಎಡಗೈ ಮೈಗೆ ಅಂಟಿಕೊಂಡು, ಬಲಗೈ ತಾನಾಗಿ ಹಿಂದಕ್ಕೆ ಹೋಗಿಬಿಡುವುದು. ಕೋಲು ನೆಲಕ್ಕೆ.

ಟ್ರೇನರ್ ಹೈಡ್ರುನ್, ಹಳೇ ಪೂರ್ವ ಜರ್ಮನಿಯ ಗಟ್ಟಿ ಹೆಂಗಸು, ಮಾಡದ ಉಪಾಯವಿಲ್ಲ. ಒಂದು ಬೇಸಿಗೆಯೆಲ್ಲ ಲೀನಾಳ ಬಲಗೈಯನ್ನು ರಬ್ಬರ್ ಪಟ್ಟಿಯಿಂದ ಸೊಂಟಕ್ಕೆ ಕಟ್ಟಿ ಓಡಿಸಿದಳು. ಬಿಚ್ಚಿದ ದಿನ ಮತ್ತೆ ಅದೇ ಕಥೆ. "ನಿನ್ನ ಎಡಗೈ ಯಾರಿಗೆ ಹೆದರುತ್ತೆ?" ಅಂತ ಕೇಳಿದಳು. ಲೀನಾಗೆ ಏನು ಗೊತ್ತು? ಹೆದರಿಕೆಯೇನಿಲ್ಲ ಅಂದಳು. ಕೊನೆಗೆ ಹೈಡ್ರುನ್ ಕೈಚೆಲ್ಲಿದಳು. ಒಂದನೆಯವಳೋ ಮೂರನೆಯವಳೋ ಬಿದ್ದರೆ ಲೀನಾ. ಎರಡನೆಯವಳೋ ನಾಲ್ಕನೆಯವಳೋ ಬಿದ್ದರೆ ಇನ್ನೊಬ್ಬ ಎಳೇ ಹುಡುಗಿ ಅಂತ ಗೊತ್ತುಮಾಡಿದಳು. ಲೀನಾಳ ಗ್ರಹಚಾರ ನೋಡಿ, ಒಂದನೆಯವಳೂ ಮೂರನೆಯವಳೂ ಕಲ್ಲುಗುಂಡಿನ ಹಾಗೆ ಇದ್ದರು. ಒಂದು ನೆಗಡಿ ಕೂಡ ಬರಲಿಲ್ಲ.

ಕಂಪ್ಯೂಟರ್ ಕೆಲಸದವರಿಗೆ ಅಂತ ಜರ್ಮನ್ ಸರಕಾರ ಕೊಡುತ್ತಿದ್ದ ಗ್ರೀನ್ ಕಾರ್ಡು ಹಿಡಿದು ನಮ್ಮ ಹುಡುಗರು ಒಬ್ಬೊಬ್ಬರಾಗಿ ಬಂದಿಳಿಯುತ್ತಿದ್ದ ಕಾಲ ಅದು. ಮೂವತ್ತು ವರ್ಷ ಗಂಡನ ಹತ್ತಿರ ಬಿಟ್ಟರೆ ಕನ್ನಡ ಆಡಲು ಗೋಡೆಯೇ ಗತಿ ಅಂದುಕೊಂಡಿದ್ದ ಉಷಾಗೆ ಯೇನಾದ ಟ್ರಾಮಿನಲ್ಲಿ "ಮಗಾ, ನೆಕ್ಸ್ಟ್ ಸ್ಟಾಪ್ ನಮ್ದೇ ಕಣೋ" ಅಂತ ಕೇಳಿಸಿತಂತೆ. ತಿರುಗಿ ನೋಡಿ, ಆ ಹುಡುಗನನ್ನು ಅಲ್ಲೇ ಭಾನುವಾರದ ಊಟಕ್ಕೆ ಕರೆದರು. ಅವನು ಮಾಧವ್, ಬೆಂಗಳೂರಿನವನು, ಸಾಫ್ಟ್‌ವೇರ್ ಕೆಲಸಕ್ಕೆ ಬಂದವನು. ಆ ಭಾನುವಾರ ಲೀನಾಳೂ ಬಂದಿದ್ದಳು.

"ಮನೆ ಸಿಕ್ತು, ಆನ್‌ಮೆಲ್ಡುಂಗೂ ಆಯ್ತು ಆಂಟಿ, ರಿಜಿಸ್ಟರ್ ಆಗ್ಬಿಟ್ಟೆ. ಆದ್ರೆ ತಿಳಿಸಾರು ಮಾತ್ರ ಎಲ್ಲೂ ಸಿಗಲ್ಲ" ಅಂತ ಮಾಧವ್ ಕುರ್ಚಿ ಎಳೆದು ಕೂತ. ಕೂತವನು ಎಡಗೈಯಲ್ಲೇ ಅನ್ನ ಕಲಸಿ ತಿನ್ನತೊಡಗಿದ.

ಲೀನಾ ತಾಯಿಯ ಮುಖ ನೋಡಿದಳು. ಈಗ ಬಿತ್ತು ಬೈಗುಳ ಅಂದುಕೊಂಡಳು. ಎಡಗೈಯಲ್ಲಿ ತಗೋಬಾರದು, ಎಡಗೈಯಲ್ಲಿ ಕೊಡಬಾರದು, ಎಡಗೈ ಎಲೆಗೆ ತಾಗಿದರೆ ಎಲೆಯೇ ಎಂಜಲು ಅನ್ನುವ ಹೆಂಗಸು ಅವರು. ಬೇಕರಿಯಲ್ಲಿ ಅಂಗಡಿಯವಳು ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ ಮನೆಗೆ ಬಂದು ಗೊಣಗುವವರು.

ಮಾಧವನಿಗೇ ಅನುಮಾನ ಬಂತು. "ಸಾರಿ ಆಂಟಿ, ನಾನು ಎಡಚ. ನಮ್ಮನೇಲಿ ಏನೂ ಅನ್ನಲ್ಲ."

"ಪರವಾಗಿಲ್ಲ ತಿನ್ನಪ್ಪ. ಈಗ ಊರಲ್ಲೂ ಯಾರೂ ಅನ್ನಲ್ವಂತೆ. ನಾವೇ ಇಲ್ಲಿ ಕೂತ್ಕೊಂಡು ಹಳೇ ಕಾಲ ಕಾಯ್ತಿದೀವಿ" ಅಂದರು ಉಷಾ, ಇನ್ನೊಂದು ಸೌಟು ಸಾರು ಬಡಿಸುತ್ತ. ನಗುತ್ತಲೇ ಮುಂದುವರಿಸಿದರು: "ಇವಳೂ ಹಿಂಗೇ ಇದ್ಲು ಕಣಪ್ಪ. ಮಹಾ ಎಡಚಿ. ನಾನು ಬಿಡ್ಲಿಲ್ಲ, ತಿದ್ದಿದೆ."

ಲೀನಾ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್ನಿನಲ್ಲಿ ಉತ್ತರ ಕೊಟ್ಟೇ ಬೆಳೆದವಳು ಅವಳು. ಈಗಲೂ ಜರ್ಮನ್ನಿನಲ್ಲೇ ಕೇಳಿದಳು: ಚಿಕ್ಕವಳಿದ್ದಾಗ ನನ್ನ ಎಡಗೈ ಮುರಿದಿತ್ತಲ್ಲ? ಬಟ್ಟೆ ಕಟ್ಟಿದ್ದು ನೆನಪಿದೆ ನನಗೆ.

"ಮುರಿಯೋದೇನೇ? ಕಟ್ಟಿದ್ದು ನಾನು! ಊಟಕ್ಕೆ ಕೂತ್ರೆ ಎಡಗೈಯೇ ಮುಂದೆ ಬರ್ತಿತ್ತು. ಹಳೇ ಸೀರೆ ಅಂಚು ಹರಿದು ಕುರ್ಚಿಗೆ ಕಟ್ಟಿಹಾಕ್ತಿದ್ದೆ. ಚಾಚಿದಾಗೆಲ್ಲ ಒಂದು ಏಟು. ಆಮೇಲಾಮೇಲೆ ಎಡಗೈ ಅಂದ್ರೆ ತಾನೇ ಹಿಂದಕ್ಕೆ ಎಳ್ಕೊಳೋಳು. ಬುದ್ಧಿವಂತೆ, ಬೇಗ ಕಲಿತ್ಲು."

ಇಷ್ಟು ಹೊತ್ತು ಮೇಜಿನ ಕೆಳಗೆ ಗಡಗಡ ಅನ್ನುತ್ತಿದ್ದ ಮೊಣಕಾಲು ನಿಂತುಹೋಯಿತು. ಮುರಿದ ಕೈ ಅಂತ ಇಷ್ಟು ವರ್ಷ ನಂಬಿದ್ದಳು. ಮುರಿದ ಮೂಳೆ ಸರಿಯಾಗಿ ಕೂಡಿಲ್ಲವೇನೋ, ಅದಕ್ಕೇ ಕೈ ತಡವಾಗುತ್ತೆ ಅಂತ ಎಕ್ಸ್‌ರೇ ಕೂಡ ತೆಗೆಸಿದ್ದಳು. ಡಾಕ್ಟರು ಮೂಳೆ ಎಲ್ಲೂ ಮುರಿದ ಗುರುತೇ ಇಲ್ಲ ಅಂದಾಗ ಅವನಿಗೇ ಕಣ್ಣು ಕಾಣುವುದಿಲ್ಲ ಅಂದುಕೊಂಡು ಬಂದಿದ್ದಳು. ಎದ್ದು ಕೈ ತೊಳೆದಳು, ಶೂ ಹಾಕಿಕೊಂಡಳು. "ಮೊಸರನ್ನ ಇನ್ನೂ ಇದೆಯಲ್ಲೇ!" ಅಂತ ತಾಯಿ ಕೂಗುತ್ತಿದ್ದಂತೆ ಮೆಟ್ಟಿಲಿಳಿದು ಹೋದಳು. ನದಿಯ ದಂಡೆಯ ಮೇಲೆ ಒಂದೇ ಸಮ ಓಡಿದಳು. ಓಡಿದಷ್ಟೂ ಸಿಟ್ಟು ಬಂತು.

ಮಾರನೆಯ ದಿನ ಹೈಡ್ರುನ್ ಎದುರು ನಿಂತು, ನನಗೆ ಎಡಗೈ ಮತ್ತೆ ಕಲಿಸು ಅಂದಳು. ಯಾಕೆ ಅಂತಲೂ ಹೇಳಿದಳು. ಹೈಡ್ರುನ್, "ನಮ್ಮಜ್ಜಿಯೂ ಮಕ್ಕಳಿಗೆ ಚೆಂದದ ಕೈ ಕೊಡು ಅನ್ನೋಳು. ಚೆಂದದ ಕೈ ಅಂದ್ರೆ ಬಲಗೈ. ಆದ್ರೆ ಕಟ್ಟಿಹಾಕ್ತಿರಲಿಲ್ಲ" ಅಂದಳು. ಆಮೇಲೆ ತಾನು ಕಟ್ಟಿಹಾಕಿದ್ದ ಬಲಗೈ ನೆನಪಾಗಿ ಮುಖ ಕೆಂಪಗಾಯಿತು.

ಕಲಿಕೆ ಅಂದುಕೊಂಡಷ್ಟು ಸುಲಭವೇ? ಕಾರಣ ಗೊತ್ತಾದ ಮಾತ್ರಕ್ಕೆ ಕೈಗೆ ಬುದ್ಧಿ ಬರುವುದಿಲ್ಲ. ಒಂದು ಸಲ ಎಡಗೈ ಹೋಗುವುದು, ಮರುಸಲ ಬಲಗೈ. ಮಾತಾಡಿಸದೆ ಬಿಟ್ಟರೆ ತಾಯಿಗೆ ಅರ್ಥವಾದೀತು ಅಂತ ಲೀನಾ ಮನೆ ಕಡೆ ತಲೆ ಹಾಕಲಿಲ್ಲ. ಫೋನು ಬಂದರೆ ಅಪ್ಪನ ಹತ್ತಿರ ಎರಡು ಮಾತಾಡಿ ಇಟ್ಟಳು. ಜಗಳ ಆಡಿಬಿಟ್ಟಿದ್ದರೆ ಇಬ್ಬರಿಗೂ ವಾಸಿಯಿತ್ತು. ನಿದ್ದೆಯಿಲ್ಲ, ಊಟ ಸೇರದು. ಕ್ಲಿನಿಕ್ಕಿನಲ್ಲಿ ಮುದುಕಿಯೊಬ್ಬಳ ಮಂಡಿ ತಿಕ್ಕುತ್ತ ತಿಕ್ಕುತ್ತ ಬಲ ಹೆಚ್ಚಾಗಿ ಅವಳು ಕಿರುಚಿಕೊಂಡಳು.

ಆ ವರ್ಷ ಹ್ಯಾಂಬರ್ಗಿನಲ್ಲಿ ಗೊತ್ತಾಗಿದ್ದ ಕ್ಲಬ್ಬುಗಳ ಕೂಟಕ್ಕೆ ಎರಡು ವಾರ ಇರುವಾಗ, ಭಾನುವಾರ ಮಧ್ಯಾಹ್ನ, ಅವಳ ಬಾಗಿಲಿನ ಬೆಲ್ಲು ಹೊಡೆಯಿತು. ಉಷಾ ನಿಂತಿದ್ದರು. ರೇಷ್ಮೆ ಅಂಚಿನ ಹತ್ತಿ ಸೀರೆ, ಕಾಲಿಗೆ ಓಡುವ ಶೂ, ಕೈಯಲ್ಲಿ ಚಪಾತಿ ಲಟ್ಟಣಿಗೆ.

"ಮಾಧವ ಎಲ್ಲ ಹೇಳಿದ" ಅಂದರು. "ನಿನ್ನ ಟ್ರೇನರ್‌ನ ಕೇಳ್ಕೊಂಡು ಬಂದು, ಮೇಜಿನ ಮೇಲೆ ನಾಕು ಚಮಚ ಇಟ್ಟು ತೋರಿಸಿದ. ನಾಕನೆಯವಳು ಎಡಗೈಲೇ ತಗೋಬೇಕಂತೆ. ನೀನು ಇಷ್ಟು ವರ್ಷ ಯಾಕೇ ಹೇಳ್ಲಿಲ್ಲ?"

"ನಂಗೇ ಗೊತ್ತಿರ್ಲಿಲ್ಲ" ಅಂದಳು ಲೀನಾ ಜರ್ಮನ್ನಿನಲ್ಲಿ.

"ಆಯ್ತು, ತಿರುಗು. ನಾನು ಕೊಡ್ತೀನಿ, ನೀನು ತಗೋ. ಕೊಡೋಳು ಬಲಗೈಲೇ ತಾನೇ ಕೊಡೋದು? ಅಷ್ಟರ ಮಟ್ಟಿಗೆ ಮರ್ಯಾದಸ್ಥರು."

ಬೇಡ ಅನ್ನಲು ಬಾಯಿ ತೆಗೆದ ಲೀನಾಗೆ ಲಟ್ಟಣಿಗೆ ಹಿಡಿದ ಆ ಅವತಾರ ನೋಡಿ ನಗು ಬಂದುಬಿಟ್ಟಿತು. ಬಾಗಿಲಾಚೆಯ ಉದ್ದ ಪಡಸಾಲೆಯಲ್ಲಿ ಮುಂದೆ ಅವಳು, ಹಿಂದೆ ಸೆರಗು ಸಿಕ್ಕಿಸಿಕೊಂಡ ಉಷಾ. "ಹೆಪ್!" ಅಂದರು ಉಷಾ. ಬಲಗೈ ಹೋಯಿತು. ಮತ್ತೆ "ಹೆಪ್!" ಮತ್ತೆ ಬಲಗೈ. ಮೈದಾನದಲ್ಲಿ ನಾಕಕ್ಕೆ ಎರಡು ಸಲವಾದರೂ ಎಡಗೈ ಬರುತ್ತಿತ್ತು. ಹಿಂದೆ ತಾಯಿಯ ದನಿ ಕೇಳಿದರೆ ಅದೂ ಇಲ್ಲ.

"ಎಡಗೈ ಕಣೇ! ಎಡಗೈ!"

"ನಿನ್ನ ದನಿ ಕೇಳಿದ್ರೆ ಬರಲ್ಲ ಅಮ್ಮ!" ಅಂತ ಲೀನಾ ಜರ್ಮನ್ನಿನಲ್ಲಿ ಕಿರುಚಿದಳು. ಪಕ್ಕದ ಮನೆಯ ಮುದುಕ ಬಾಗಿಲು ತೆಗೆದು, ಭಾನುವಾರ, ರೂಹೆ, ರೂಹೆ, ಸದ್ದು ಮಾಡಬಾರದು ಗೊತ್ತಿಲ್ಲವೇ ಅಂದ. ಬೇರೆ ದಿನವಾಗಿದ್ದರೆ ಹತ್ತು ಸಲ ಸಾರಿ ಕೇಳುತ್ತಿದ್ದ ಉಷಾ, "ಸ್ವಲ್ಪ ತಡಕೊಳ್ರೀ, ಮಗು ಓದ್ಕೋತಿದೆ" ಅಂತ ಅವನಿಗೆ ಕನ್ನಡದಲ್ಲೇ ಹೇಳಿದರು. ಲಟ್ಟಣಿಗೆ ಕಂಡು ಅವನು ಬಾಗಿಲು ಹಾಕಿಕೊಂಡ.

ಮತ್ತೆ ನಿಂತರು. ಈ ಸಲ ಉಷಾ ಕೂಗಲಿಲ್ಲ. ಹಿಂದಿನಿಂದ ಬಂದು ಮಗಳ ಎಡ ಮುಂಗೈ ಹಿಡಿದು, ಮೆಲ್ಲಗೆ ಹಿಂದಕ್ಕೆ ಎಳೆದು, ಅಂಗೈ ಬಿಡಿಸಿ ಲಟ್ಟಣಿಗೆ ಇಟ್ಟರು. ಮತ್ತೊಂದು ಸಲ. ಇನ್ನೊಂದು ಸಲ. ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ. ಹೊತ್ತು ಇಳಿಯುವಷ್ಟರಲ್ಲಿ ಎಳೆಯದೆ, ಬರೀ "ಹೆಪ್" ಅಂದರೆ ಎಡಗೈ ಬರತೊಡಗಿತು. ಉಷಾಗೆ ಏದುಸಿರು. ಹೋಗುವಾಗ ಲಟ್ಟಣಿಗೆ ಅಲ್ಲೇ ಬಿಟ್ಟು ಹೋದರು. ಕೋಪ ಹೋಯಿತೇ ಅಂದರೆ, ಎಲ್ಲಿ ಹೋಗುತ್ತೆ? ಲೀನಾ ತಾಯಿಯನ್ನು ಟ್ರಾಮ್ ಹತ್ತಿಸಿ ಬಂದಳು, ಅಷ್ಟೇ.

ಹ್ಯಾಂಬರ್ಗಿನಲ್ಲಿ ಅವತ್ತು ಜಿಟಿಜಿಟಿ ಮಳೆ. ಮಾಧವ್ ಬಾಡಿಗೆ ಕಾರು ಮಾಡಿಕೊಂಡು ಉಷಾ ಮತ್ತು ಶ್ಯಾಮಸುಂದರರನ್ನು ಯೇನಾದಿಂದ ಕರೆತಂದಿದ್ದ. ಮಗಳ ಓಟವನ್ನು ಉಷಾ ಕಣ್ಣಾರೆ ನೋಡಲು ಬಂದದ್ದು ಅದೇ ಮೊದಲು. ಬಂದರೂ ನೋಡುವುದಕ್ಕೇನಿತ್ತು? ಲೀನಾ ಎಂದಿನ ಹಾಗೆ ಎರ್ಜಾಟ್ಸ್. ಎರಡನೆಯವಳಿಗೆ ಜ್ವರ ಬಂದು, ಆ ಎಳೇ ಹುಡುಗಿಯನ್ನು ಅಲ್ಲಿ ಹಾಕಿ ಆಗಿತ್ತು. ಲೀನಾ ಟ್ರ್ಯಾಕ್ ಸೂಟುಗಳನ್ನು ತಗೊಳ್ಳಲು ನಿಂತಿದ್ದಳು.

ಫೈನಲ್ಲಿಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ನಾಲ್ಕನೆಯವಳು ಕಾತ್ರಿನ್ ಇದ್ದಕ್ಕಿದ್ದ ಹಾಗೆ ತೊಡೆ ಹಿಡಿದುಕೊಂಡು ಕೂತುಬಿಟ್ಟಳು. ತೊಡೆಯ ಹಿಂಬದಿಯ ಸ್ನಾಯು ಹರಿದಿತ್ತು. ಹೈಡ್ರುನ್ ಸುತ್ತ ನೋಡಿದಳು. ಉಳಿದದ್ದು ಒಬ್ಬಳೇ.

"ಲೀನಾ. ಎಡಗೈ?"

"ಹೂಂ" ಅಂದಳು ಲೀನಾ. ಕನ್ನಡದಲ್ಲಿ ಅಂದೆ ಅಂತ ಅವಳಿಗೇ ಗೊತ್ತಾಗಲಿಲ್ಲ. ಹೈಡ್ರುನ್‌ಗೆ ಅರ್ಥವಾಯಿತು.

ಕೊನೆಯ ತಿರುವಿನ ಹತ್ತಿರ ನಿಂತಾಗ ಕಾಲು ನಿಂತಲ್ಲಿ ನಿಲ್ಲದು. ಎಡಗೈ ಮುಷ್ಟಿ ಬಿಗಿಯಾಗಿತ್ತು. ಬಿಡಿಸಿದರೂ ಮತ್ತೆ ಬಿಗಿಯುವುದು. ಕೋಲು ಬಿದ್ದರೆ ನಾಲ್ವರದೂ ಹೋಯಿತು, ತನ್ನ ಒಬ್ಬಳದಲ್ಲ. ನಾನು ಓಡಲಾರೆ ಅಂದುಬಿಡಲೇ ಅಂತ ಒಂದು ಸಲ ಅನ್ನಿಸಿತು. ದೇವರೇ, ಹನ್ನೊಂದು ವರ್ಷ ಬೇಡಿಕೊಂಡದ್ದು ಕೈಗೆ ಬಂದಾಗ ಓಡಿಹೋಗಬೇಕು ಅನ್ನಿಸುತ್ತದಲ್ಲ, ಇದೆಂಥ ಹಾಳು ಮನಸ್ಸು!

ಗುಂಡು ಹಾರಿತು. ಕೋಲು ಒಬ್ಬಳಿಂದ ಒಬ್ಬಳಿಗೆ ಬರುತ್ತಿತ್ತು. ಮೂರನೆಯವಳು ತಿರುವು ಮುಗಿಸಿ ಬರುವಾಗ ಅವರ ಕ್ಲಬ್ಬು ಎರಡನೆಯ ಸ್ಥಾನದಲ್ಲಿತ್ತು. ಅವಳು ನೆಲದ ಮೇಲಿನ ಗುರುತು ದಾಟಿದ್ದನ್ನು ಲೀನಾ ನೋಡಿದಳು, ಹೊರಟಳು. ಹಿಂದೆ ಹೆಜ್ಜೆ ಸಪ್ಪಳ, ಉಸಿರು, ಇನ್ನೂ ಹತ್ತಿರ.

"ಹೆಪ್!"

ಎಡಗೈ ಹಿಂದಕ್ಕೆ ಹೋಯಿತು. ತಡವರಿಸಲಿಲ್ಲ, ಮೈಗೆ ಅಂಟಲಿಲ್ಲ. ಒದ್ದೆ ಕೋಲು ಅಂಗೈಗೆ ಚಟ್ ಅಂತ ಬಿತ್ತು, ಬೆರಳು ಮುಚ್ಚಿಕೊಂಡವು. ಅಷ್ಟೇ. ಇಷ್ಟೇನಾ ಅನ್ನಿಸಿತು ಅವಳಿಗೆ, ಓಡುತ್ತ ಓಡುತ್ತಲೇ. ಇಷ್ಟೇನಾ ಇದು?

ಜೀವ ಬಿಟ್ಟು ಓಡಿದಳು. ಆದರೆ ಅಕ್ಕಪಕ್ಕ ಇದ್ದವರು ಇಪ್ಪತ್ತು, ಇಪ್ಪತ್ತೆರಡರ ಹುಡುಗಿಯರು. ಗೆರೆ ಇನ್ನೇನು ಬಂತು ಅನ್ನುವಾಗ ಒಬ್ಬಳು ದಾಟಿದಳು, ಇನ್ನೊಬ್ಬಳು ಎದೆ ಮುಂದೆ ಮಾಡಿ ದಾಟಿದಳು. ನಾಲ್ಕನೇ ಸ್ಥಾನ. ಹೈಡ್ರುನ್ ಓಡಿಬಂದು ತಬ್ಬಿಕೊಂಡಳು. "ಇಷ್ಟು ತಂಡದಲ್ಲಿ ಅಷ್ಟು ಚೆಂದ ಕೋಲು ತಗೊಂಡವಳು ನೀನೊಬ್ಬಳೇ. ಐದು ವರ್ಷದ ಹಿಂದಿನ ಕಾಲಿದ್ದಿದ್ರೆ..." ಅಂದಳು. ಕಾತ್ರಿನ್ ಕುಂಟುತ್ತ ಬಂದು ಲೀನಾಳ ಟ್ರ್ಯಾಕ್ ಸೂಟು ಕೊಟ್ಟಳು.

ಬೇಲಿಯ ಆಚೆ ಉಷಾ ಕೊಡೆ ಬಿಸಾಕಿ ನೆನೆಯುತ್ತ ನಿಂತಿದ್ದರು. ಮುಖ ಹಬ್ಬದ ಮನೆ ಹಾಗಿತ್ತು. ಸ್ಥಾನ ಗೀನ ಅವರಿಗೆ ಬೇಕಿರಲಿಲ್ಲ. ಲೀನಾ ಹತ್ತಿರ ಬರುತ್ತಲೇ ಬೇಲಿಯ ಮೇಲಿಂದ ಕೈ ಚಾಚಿ ಎರಡೂ ಕೆನ್ನೆ ಹಿಡಿದರು. "ನೋಡಿದೆ ಕಣೇ, ನೋಡಿದೆ! ಎಷ್ಟು ಸಲೀಸಾಗಿ ತಗೊಂಡ್ಯಲ್ಲೇ! ಹುಟ್ಟಿದಾಗಿಂದ ಹಂಗೇ ತಗೋತಿದ್ದೋಳ ಥರ! ಅಯ್ಯೋ, ಯಾಕೇ ಅಳ್ತೀಯಾ? ಚೆನ್ನಾಗೇ ತಗೊಂಡ್ಯಲ್ಲೇ."

"ಅದಕ್ಕೇ ಅಮ್ಮ" ಅಂದಳು ಲೀನಾ, ಕನ್ನಡದಲ್ಲಿ. "ಅಷ್ಟು ಸಲೀಸಾಗಿತ್ತಲ್ಲ, ಅದಕ್ಕೇ ಅಳು ಬರ್ತಿದೆ."

ಉಷಾರ ನಗು ಇಳಿಯಿತು. ಕೆನ್ನೆ ಹಿಡಿದ ಕೈ ಬಿಡಲಿಲ್ಲ. ಮಾಧವ್ ಬಿದ್ದ ಕೊಡೆ ಎತ್ತಿಕೊಂಡು ಬಂದವನು ದೂರದಲ್ಲೇ ನಿಂತ.

"ನೀನು ಓಡೋಳಾಗ್ತೀಯ ಅಂತ ನಂಗೇನೇ ಗೊತ್ತಿತ್ತು?" ಅಂದರು ಉಷಾ ಜೋರಾಗಿ, ಜಗಳಕ್ಕೆ ನಿಂತವರ ಹಾಗೆ. ಆಮೇಲೆ ದನಿ ಇಳಿಸಿ ಮತ್ತೊಂದು ಸಲ ಅಂದರು: "ನಂಗೇನೇ ಗೊತ್ತಿತ್ತು, ಮಗಳೇ."